ಬಾಗಿಲು ಕೂರಿಸಲು ಹೋದವರು ಸ್ಟಾರ್ ಆದರಾ?

ಪ್ರಶ್ನೆ: ಇತ್ತೀಚೆಗೆ ಅಮೆರಿಕದ ಸೀರಿಯಲ್ ನೋಡುವ ಚಟ ಹತ್ತಿದೆ. ನೋಡಿದ ಮೇಲೆ ನಟರ ಹಿನ್ನೆಲೆ ಹುಡುಕಿ ಓದುತ್ತೇನೆ. ಹ್ಯಾರಿಸನ್ ಫೋರ್ಡ್ ಬಡಗಿಯಾಗಿದ್ದರಂತೆ, ಬಾಗಿಲು ಕೂರಿಸಲು ಹೋದಾಗ 'ಸ್ಟಾರ್ ವಾರ್ಸ್' ಸಿಕ್ಕಿತಂತೆ. ಬ್ರಾಡ್ ಪಿಟ್ ಕೋಳಿ ವೇಷ ಹಾಕಿಕೊಂಡು ಹೋಟೆಲ್ ಮುಂದೆ ನಿಲ್ಲುತ್ತಿದ್ದರಂತೆ. ಎಲ್ಲಾ ಬರೀ ಅದೃಷ್ಟವೇನಾ? ಇನ್ನೊಂದು ವಿಷಯ. ಒಂದೇ ಮುಖ ಒಂದು ಸೀರಿಯಲ್‌ನಲ್ಲಿ ಡಾಕ್ಟರ್, ಇನ್ನೊಂದರಲ್ಲಿ ಜಡ್ಜ್, ಮತ್ತೊಂದರಲ್ಲಿ ಪಕ್ಕದ ಮನೆ ಅಂಕಲ್. ಹೆಸರು ಮಾತ್ರ ಗೊತ್ತಿಲ್ಲ. ಇವರೆಲ್ಲ ಯಾರು? ಹೊಟ್ಟೆಪಾಡಿಗೆ ಏನು ಮಾಡುತ್ತಾರೆ? ನಟನಾಗಲು ಅಲ್ಲಿ ಕಾಲೇಜು ಓದಲೇಬೇಕಾ?

ಉತ್ತರ: ಬಾಗಿಲಿನ ಕತೆಯಿಂದಲೇ ಶುರು ಮಾಡೋಣ. ಅದು ಸುಳ್ಳಲ್ಲ. ಆದರೆ ಹೇಳುವವರು ಅದರ ಹಿಂದಿನ ಹತ್ತು ವರ್ಷಗಳನ್ನು ನುಂಗಿಬಿಡುತ್ತಾರೆ.

ಹ್ಯಾರಿಸನ್ ಫೋರ್ಡ್ ಹುಟ್ಟಿದ್ದು 1942ರಲ್ಲಿ, ಶಿಕಾಗೋದಲ್ಲಿ. ವಿಸ್ಕಾನ್ಸಿನ್ ರಾಜ್ಯದ ರಿಪನ್ ಕಾಲೇಜಿನಲ್ಲಿ ಓದುವಾಗ ನಾಟಕದ ರುಚಿ ಹತ್ತಿತು. 1960ರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದರು. ಕೊಲಂಬಿಯಾ ಸ್ಟುಡಿಯೋ ವಾರಕ್ಕೆ 150 ಡಾಲರ್ ಸಂಬಳ ಕೊಟ್ಟು ಇಟ್ಟುಕೊಂಡಿತು. 1966ರಲ್ಲಿ ಮೊದಲ ಸಿನಿಮಾ. ಪಾತ್ರ ಹೋಟೆಲ್‌ನ ಬೆಲ್‌ಬಾಯ್. ತೆರೆಯ ಮೇಲೆ ಹೆಸರೂ ಬರಲಿಲ್ಲ. ಅದನ್ನು ನೋಡಿದ ಸ್ಟುಡಿಯೋದ ದೊಡ್ಡವರೊಬ್ಬರು ಕರೆಸಿ ಬುದ್ಧಿ ಹೇಳಿದರಂತೆ. ಟೋನಿ ಕರ್ಟಿಸ್ ಮೊದಲ ಸಿನಿಮಾದಲ್ಲಿ ದಿನಸಿ ಚೀಲ ತಂದುಕೊಡುವ ಹುಡುಗನಾಗಿ ಬಂದಾಗಲೇ ಇವನು ಸ್ಟಾರ್ ಅಂತ ಗೊತ್ತಾಗುತ್ತಿತ್ತು, ನಿನ್ನಲ್ಲಿ ಅದಿಲ್ಲ ಎಂದರಂತೆ. ನೋಡಿದವರಿಗೆ ಅವನು ದಿನಸಿ ಹುಡುಗ ಅಂತ ಅನ್ನಿಸಬೇಕಲ್ವಾ ಅಂತ ಫೋರ್ಡ್ ತಿರುಗಿ ಕೇಳಿದರಂತೆ. ಈ ಕತೆಯನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ನನಗೆ ಬಾಗಿಲಿನ ಕತೆಗಿಂತ ಇದೇ ಜಾಸ್ತಿ ಇಷ್ಟ.

ಆಮೇಲೆ ಟಿವಿಯ ಕೌಬಾಯ್ ಸೀರಿಯಲ್‌ಗಳಲ್ಲಿ, ಪತ್ತೇದಾರಿ ಸೀರಿಯಲ್‌ಗಳಲ್ಲಿ ಒಂದೊಂದು ಕಂತಿನ ಪಾತ್ರಗಳು. ಮನೆಯಲ್ಲಿ ಹೆಂಡತಿ, ಎರಡು ಗಂಡು ಮಕ್ಕಳು. ಬರುವ ದುಡ್ಡು ಸಾಲದು. ಲೈಬ್ರರಿಯಿಂದ ಪುಸ್ತಕ ತಂದು ಓದಿ ಬಡಗಿ ಕೆಲಸ ಕಲಿತರು. ಬ್ರೆಜಿಲ್‌ನ ಸಂಗೀತಗಾರ ಸೆರ್ಜಿಯೋ ಮೆಂಡೆಸ್ ಅವರಿಗೆ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿಕೊಟ್ಟರು. ಕೈಯಲ್ಲಿ ಉಳಿ ಇದ್ದುದರಿಂದ ಬೇಡದ ಪಾತ್ರ ಬಂದಾಗ ಒಲ್ಲೆ ಅನ್ನುವ ಧೈರ್ಯ ಇತ್ತು.

1973ರಲ್ಲಿ ಜಾರ್ಜ್ ಲೂಕಾಸ್ ನಿರ್ದೇಶನದ 'ಅಮೆರಿಕನ್ ಗ್ರಾಫಿಟಿ'ಯಲ್ಲಿ ಒಂದು ಪಾತ್ರ ಸಿಕ್ಕಿತು. ಅದಕ್ಕೆ ನಟರನ್ನು ಆರಿಸಿದ್ದು ಫ್ರೆಡ್ ರೂಸ್ ಎಂಬ ಕಾಸ್ಟಿಂಗ್ ಡೈರೆಕ್ಟರ್. ಮರುವರ್ಷ ಫ್ರಾನ್ಸಿಸ್ ಕೊಪ್ಪೊಲಾ ಅವರ ಸಿನಿಮಾದಲ್ಲಿ ಇನ್ನೊಂದು ಸಣ್ಣ ಪಾತ್ರ. ಅಂದಮೇಲೆ ಕೊಪ್ಪೊಲಾ ಆಫೀಸಿಗೆ ಬಾಗಿಲು ಕೂರಿಸಲು ಬಂದ ಬಡಗಿ ಅಲ್ಲಿ ಕೂತವರಿಗೆ ಹೊಸ ಮುಖವೇ ಅಲ್ಲ. 'ಸ್ಟಾರ್ ವಾರ್ಸ್'ಗೆ ಲೂಕಾಸ್ ತಮ್ಮ ಹಳೆಯ ಸಿನಿಮಾದ ನಟರು ಬೇಡ ಎಂದಿದ್ದರು. ಬೇರೆಯವರು ಆಡಿಷನ್‌ಗೆ ಬಂದಾಗ ಎದುರು ಪಾತ್ರದ ಮಾತು ಓದಲು ಮಾತ್ರ ಫೋರ್ಡ್ ಅವರನ್ನು ಕರೆದರು. ಬಂದವರೆಲ್ಲರ ಜೊತೆ ಓದಿ ಓದಿ ಕೊನೆಗೆ ಆ ಪಾತ್ರ ಅವರದೇ ಆಯಿತು. 1977ರಲ್ಲಿ ಸಿನಿಮಾ ಬಂದಾಗ ಫೋರ್ಡ್‌ಗೆ 34 ವರ್ಷ. ಬಾಗಿಲಿಗೆ ಆ ಬಡಗಿಯನ್ನೇ ಕರೆಸಿದ್ದು ರೂಸ್. ಇದನ್ನು ಅದೃಷ್ಟ ಅನ್ನಬಹುದು. ನಾನಂತೂ ಗುರುತು ಪರಿಚಯ ಅನ್ನುತ್ತೇನೆ. ಕೆಲಸ ನೋಡಿ ಬೆಳೆದ ಪರಿಚಯ.

ಬ್ರಾಡ್ ಪಿಟ್ ಕೋಳಿ ವೇಷ ಹಾಕಿದ್ದೂ ನಿಜ. ಪದವಿಗೆ ಎರಡು ವಾರ ಇರುವಾಗ ಮಿಸ್ಸೌರಿ ವಿಶ್ವವಿದ್ಯಾಲಯ ಬಿಟ್ಟು ಲಾಸ್ ಏಂಜಲೀಸ್‌ಗೆ ಹೊರಟವರು ಅವರು. ಇಂಥ ಕೆಲಸಗಳಿಗೆ ಅಲ್ಲಿ 'ಸರ್ವೈವಲ್ ಜಾಬ್' ಅಂತಲೇ ಹೆಸರು. ಮಧ್ಯಾಹ್ನ ಆಡಿಷನ್ ಇದ್ದರೆ ಬಿಟ್ಟು ಓಡುವಂತಿರಬೇಕು. ಅದಕ್ಕೇ ಅಷ್ಟು ಜನ ಹೋಟೆಲ್‌ನಲ್ಲಿ ಬಡಿಸುತ್ತಾರೆ, ಬಾರ್‌ನಲ್ಲಿ ನಿಲ್ಲುತ್ತಾರೆ.

ಈಗ ನಿಮ್ಮ ಹೆಸರು ಗೊತ್ತಿಲ್ಲದ ಮುಖಗಳು. ನನ್ನ ಪ್ರಕಾರ ಅಮೆರಿಕದ ನಟನೆಯ ಅಸಲಿ ಲೋಕ ಇವರದೇ.

ಅಲ್ಲಿನ ದೊಡ್ಡ ಚಾನೆಲ್‌ಗಳು ಬಹಳ ಕಾಲ ಒಂದು ಸೀರಿಯಲ್‌ಗೆ ವರ್ಷಕ್ಕೆ 22 ಕಂತು ಅಂತ ಮಾಡುತ್ತಿದ್ದವು. ಪೊಲೀಸ್ ಕತೆ ಅಂದುಕೊಳ್ಳಿ. ಪ್ರತಿವಾರ ಹೊಸ ಕೊಲೆ. ಸತ್ತವನ ಹೆಂಡತಿ ಬೇಕು, ನೋಡಿದ ಸಾಕ್ಷಿ ಬೇಕು, ಮನೆ ಓನರ್ ಬೇಕು, ಡಾಕ್ಟರ್, ವಕೀಲ, ಜಡ್ಜ್ ಬೇಕು. ಮುಂದಿನ ವಾರ ಅಷ್ಟೂ ಜನ ಬದಲಾಗಬೇಕು. ಇದು ನಟರನ್ನು ತಿಂದು ನಟರನ್ನೇ ಸಾಕುವ ಯಂತ್ರ. ಒಂದು ದಿನಕ್ಕೆ ಬಂದು ನಾಲ್ಕು ಮಾತಾಡಿ ಹೋಗುವವರು 'ಡೇ ಪ್ಲೇಯರ್'. ಆ ಕಂತಿನ ಕತೆಯನ್ನೇ ಹೊರುವವರು 'ಗೆಸ್ಟ್ ಸ್ಟಾರ್'. ಆಗಾಗ ತಿರುಗಿ ಬರುವ ಪಾತ್ರವಾದರೆ 'ರಿಕರಿಂಗ್'. ಎಲ್ಲಾ ಕಂತುಗಳಿಗೂ ಒಪ್ಪಂದ ಇದ್ದರೆ 'ಸೀರೀಸ್ ರೆಗ್ಯುಲರ್'. ಹಿಂದೆ ಸುಮ್ನೆ ಓಡಾಡುವವರು 'ಬ್ಯಾಕ್‌ಗ್ರೌಂಡ್'. ಅವರನ್ನು ಒದಗಿಸಲೆಂದೇ 1925ರಲ್ಲಿ 'ಸೆಂಟ್ರಲ್ ಕಾಸ್ಟಿಂಗ್' ಎಂಬ ಸಂಸ್ಥೆ ಹುಟ್ಟಿತು. ನೀವು ಹೇಳುವ ಡಾಕ್ಟರ್, ಜಡ್ಜ್, ಪಕ್ಕದ ಮನೆ ಅಂಕಲ್ ಇರುವುದು ಈ ಮೆಟ್ಟಿಲುಗಳ ನಡುವೆ.

ನ್ಯೂಯಾರ್ಕ್‌ನಲ್ಲಿ ಈ ಯಂತ್ರದ ಹೆಸರು 'ಲಾ ಅಂಡ್ ಆರ್ಡರ್'. 1990ರಲ್ಲಿ ಶುರುವಾದ ಆ ಸೀರಿಯಲ್ ಊರಿನ ರಂಗಭೂಮಿ ನಟರಿಗೆಲ್ಲ ಬಾಡಿಗೆ ಕಟ್ಟಲು ನೆರವಾಯಿತು. ಬ್ರಾಡ್‌ವೇ ನಾಟಕದ ಕಾರ್ಯಕ್ರಮ ಪುಸ್ತಿಕೆಯಲ್ಲಿ ನಟರ ಪರಿಚಯ ಓದಿದರೆ ಸಾಲಾಗಿ ಅದೇ ಹೆಸರು ಕಾಣುತ್ತದೆ. ಅಲ್ಲಿ ಅದೊಂದು ಹಳೆಯ ಜೋಕು. 1991ರ ಒಂದು ಕಂತು ಹುಡುಕಿ ನೋಡಿ. ಮೊದಲ ಸೀಸನ್‌ನದು. ಆರೋಪಿ ಹುಡುಗರಲ್ಲಿ ಒಬ್ಬ ಫಿಲಿಪ್ ಸೀಮೋರ್ ಹಾಫ್ಮನ್. ವಕೀಲ ಸ್ಯಾಮ್ಯುಯೆಲ್ ಎಲ್ ಜಾಕ್ಸನ್. ಆಗ ಇಬ್ಬರ ಹೆಸರೂ ಟಿವಿ ನೋಡುವ ಜನಕ್ಕೆ ಗೊತ್ತಿರಲಿಲ್ಲ.

ಈ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದವರ ಪೈಕಿ ನನಗೆ ತುಂಬಾ ಇಷ್ಟವಾದದ್ದು ಬ್ರಯಾನ್ ಕ್ರಾನ್‌ಸ್ಟನ್ ಅವರ ದಾರಿ. 1956ರಲ್ಲಿ ಹುಟ್ಟಿದರು. ಅಪ್ಪ ಅಮ್ಮ ಇಬ್ಬರೂ ನಟರು. ಅಪ್ಪ ಸ್ಟಾರ್ ಆಗುವ ಹುಚ್ಚಿನಲ್ಲಿ ಕೊನೆಗೆ ಸಂಸಾರ ಬಿಟ್ಟು ಹೋದರು. ಮನೆಯೂ ಕೈತಪ್ಪಿತು. ಹುಡುಗ ಪೊಲೀಸ್ ಆಗೋಣ ಅಂತ ಲಾಸ್ ಏಂಜಲೀಸ್ ವ್ಯಾಲಿ ಕಾಲೇಜಿನಲ್ಲಿ ಪೊಲೀಸ್ ವಿಜ್ಞಾನ ಓದಿದ. ಅಲ್ಲಿ ಜೊತೆಗೆ ತೆಗೆದುಕೊಂಡ ನಟನೆಯ ಕ್ಲಾಸು ದಾರಿ ತಪ್ಪಿಸಿತು.

1983ರಲ್ಲಿ 'ಲವಿಂಗ್' ಎಂಬ ಹಗಲು ಸೀರಿಯಲ್. ಎರಡು ವರ್ಷದಲ್ಲಿ ಅದರಿಂದ ಹೊರಬಿದ್ದರು. ಆಮೇಲೆ ಮೂಲವ್ಯಾಧಿ ಮುಲಾಮಿನ ಜಾಹೀರಾತು. ಜಪಾನಿನ ಒಂದು ಮಕ್ಕಳ ಸೀರಿಯಲ್‌ನ ಸಾಹಸ ದೃಶ್ಯಗಳನ್ನು ಇಟ್ಟುಕೊಂಡು ಮಾಡಿದ 'ಪವರ್ ರೇಂಜರ್ಸ್'ನಲ್ಲಿ ರಾಕ್ಷಸರಿಗೆ ದನಿ. ಎಲ್ಲೋ ಒಂದು ಕಂತು, ಇನ್ನೆಲ್ಲೋ ಎರಡು ಕಂತು. 1994ರಿಂದ 'ಸೈನ್‌ಫೆಲ್ಡ್' ಎಂಬ ಹಾಸ್ಯ ಸೀರಿಯಲ್‌ನಲ್ಲಿ ಹಲ್ಲಿನ ಡಾಕ್ಟರ್. ಅದೂ ಬೆರಳೆಣಿಕೆಯ ಕಂತು. ಸ್ಪೀಲ್‌ಬರ್ಗ್ ಅವರ ಯುದ್ಧದ ಸಿನಿಮಾದಲ್ಲಿ ಒಂದು ಕೈ ಇಲ್ಲದ ಕರ್ನಲ್. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಪಾತ್ರ.

ಇನ್ನು 1998. 'ಎಕ್ಸ್-ಫೈಲ್ಸ್' ಸೀರಿಯಲ್‌ನ ಒಂದು ಕಂತು. ತಲೆಯೊಳಗೆ ಒತ್ತಡ ಏರುತ್ತಿರುವ ಒಬ್ಬ ಮನುಷ್ಯ. ಕಾರು ಪಶ್ಚಿಮಕ್ಕೆ ಜೋರಾಗಿ ಓಡುತ್ತಲೇ ಇರಬೇಕು, ನಿಂತರೆ ತಲೆ ಸಿಡಿಯುತ್ತದೆ. ಅವನು ಒಳ್ಳೆಯವನೂ ಅಲ್ಲ. ಬಾಯಿ ತೆರೆದರೆ ಯಹೂದಿಗಳನ್ನು ಬೈಯುತ್ತಾನೆ. ಆದರೆ ಅವನು ಸಾಯುವಾಗ ನೋಡುವವರಿಗೆ ಅಯ್ಯೋ ಪಾಪ ಅನ್ನಿಸಬೇಕು. ಬರೆದವರು ವಿನ್ಸ್ ಗಿಲ್ಲಿಗನ್. ಅದನ್ನು ಮಾಡಿ ತೋರಿಸಿದವರು ಕ್ರಾನ್‌ಸ್ಟನ್.

2000ದಿಂದ 2006ರವರೆಗೆ 'ಮಾಲ್ಕಮ್ ಇನ್ ದ ಮಿಡಲ್' ಎಂಬ ಹಾಸ್ಯ ಸೀರಿಯಲ್‌ನಲ್ಲಿ ಪೆದ್ದು ಅಪ್ಪನ ಪಾತ್ರ. ಜನ ಗುರುತು ಹಿಡಿಯತೊಡಗಿದರು. ಅದೇ ಮುಂದೆ ತೊಡಕೂ ಆಯಿತು. ಗಿಲ್ಲಿಗನ್ 'ಬ್ರೇಕಿಂಗ್ ಬ್ಯಾಡ್' ಬರೆದು ನಾಯಕನಿಗೆ ಕ್ರಾನ್‌ಸ್ಟನ್ ಬೇಕು ಎಂದಾಗ ಎಎಂಸಿ ಚಾನೆಲ್‌ನವರು ಹಿಂದೆಮುಂದೆ ನೋಡಿದರು. ಆ ಪೆದ್ದು ಅಪ್ಪನಾ ಅಂತ. ಗಿಲ್ಲಿಗನ್ ವಾದ ಮಾಡಲಿಲ್ಲ. 1998ರ ಆ ಹಳೆಯ ಕಂತನ್ನು ಹಾಕಿ ತೋರಿಸಿದರು. 2008ರ ಜನವರಿಯಲ್ಲಿ ಸೀರಿಯಲ್ ಶುರುವಾದಾಗ ನಾಯಕನಿಗೆ 51 ವರ್ಷ. ಆ ಪಾತ್ರಕ್ಕೆ ನಾಲ್ಕು ಸಲ ಅತ್ಯುತ್ತಮ ನಟನ ಎಮ್ಮಿ ಬಂತು. ಎಮ್ಮಿ ಅಂದರೆ ಅಲ್ಲಿನ ಟಿವಿಯ ದೊಡ್ಡ ಪ್ರಶಸ್ತಿ.

ಎಲ್ಲೋ ಹತ್ತು ವರ್ಷ ಹಿಂದೆ ಮಾಡಿದ ಒಂದು ವಾರದ ಕೆಲಸ. ಅವತ್ತು ಹೇಗೂ ಒಂದೇ ಕಂತು ತಾನೇ ಅಂತ ಅವರು ಕಾಟಾಚಾರಕ್ಕೆ ಮಾಡಿದ್ದರೆ? ಆಡಿಷನ್ ಕೋಣೆಗೆ ಕೆಲಸ ಕೇಳಲು ಹೋಗಬಾರದು, ಪಾತ್ರ ಮಾಡಿ ತೋರಿಸಿ ಬರಲು ಹೋಗಬೇಕು ಅಂತ ಕ್ರಾನ್‌ಸ್ಟನ್ ಹೊಸಬರಿಗೆ ಹೇಳುತ್ತಾರೆ. ಕೇಳಲು ಸುಲಭ. ಬಾಡಿಗೆ ಬಾಕಿ ಇರುವಾಗ ಎಷ್ಟು ಜನಕ್ಕೆ ಆಗುತ್ತದೋ.

ಇಲ್ಲಿ ಕಾಸ್ಟಿಂಗ್ ಡೈರೆಕ್ಟರ್‌ಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ನಟರ ಬದುಕಿನ ನೆನಪಿನ ಪುಸ್ತಕ ಇವರ ಕೈಯಲ್ಲಿ ಇರುತ್ತದೆ. ಮೇರಿಯನ್ ಡೋರ್ಟಿ ಎಂಬುವರು ನ್ಯೂಯಾರ್ಕ್‌ನ ನಾಟಕಗಳನ್ನು ನೋಡಿ ನೋಡಿ ನಟರನ್ನು ಟಿವಿಗೆ ತಂದವರು. 1963ರಲ್ಲಿ ಜಾನ್ ವಾಯ್ಟ್ ಎಂಬ ಹುಡುಗನಿಗೆ ಒಂದು ಸೀರಿಯಲ್‌ನಲ್ಲಿ ಪಾತ್ರ ಕೊಡಿಸಿದರು. ಅವನು ಕೆಟ್ಟದಾಗಿ ಮಾಡಿದ. ಆದರೂ ಮುಂದೆ 'ಮಿಡ್‌ನೈಟ್ ಕೌಬಾಯ್'ಗೆ ಅವನ ಹೆಸರನ್ನೇ ಹೇಳಿದರು. ಆ ಸಿನಿಮಾದಿಂದಲೇ ಅವನು ಸ್ಟಾರ್. ಇಂಥವರಿಗೆ ಆಸ್ಕರ್‌ನಲ್ಲಿ ಒಂದು ವಿಭಾಗ ಬರಲು 2026ರವರೆಗೆ ಕಾಯಬೇಕಾಯಿತು. ಉಡುಪಿಗೆ, ಮೇಕಪ್‌ಗೆ ಯಾವಾಗಿನಿಂದಲೋ ಇದೆ. ಇದು ಅನ್ಯಾಯ ಅಂತ ನಾನು ಬಹಳ ಜನರ ಹತ್ತಿರ ಜಗಳ ಆಡಿದ್ದೇನೆ.

ಹೊಟ್ಟೆಪಾಡಿನ ಪ್ರಶ್ನೆಗೆ ಬರೋಣ. ನಟರ ಸಂಘದ ಹೆಸರು ಸ್ಕ್ರೀನ್ ಆಕ್ಟರ್ಸ್ ಗಿಲ್ಡ್. ಹುಟ್ಟಿದ್ದು 1933ರಲ್ಲಿ. 2012ರಲ್ಲಿ ರೇಡಿಯೋ ಟಿವಿ ಕಲಾವಿದರ ಸಂಘದ ಜೊತೆ ಸೇರಿ ಸ್ಯಾಗ್-ಆಫ್ಟ್ರಾ ಆಯಿತು. ಸದಸ್ಯರು ಸುಮಾರು 1 ಲಕ್ಷ 60 ಸಾವಿರ. 2023ರಲ್ಲಿ ನಟರು ಮುಷ್ಕರಕ್ಕೆ ಹೋದಾಗ ಡೇ ಪ್ಲೇಯರ್‌ಗೆ ದಿನಕ್ಕೆ ಕೊಡಬೇಕಾದ ಕನಿಷ್ಠ ಮೊತ್ತ 1,082 ಡಾಲರ್. ನಮಗೆ ದೊಡ್ಡ ಮೊತ್ತ ಅನ್ನಿಸುತ್ತದೆ. ಆದರೆ ಅದು ತಿಂಗಳ ಸಂಬಳ ಅಲ್ಲ, ಒಂದು ದಿನದ್ದು. ಇನ್ನೊಂದು ದಿನ ಯಾವಾಗ ಸಿಗುತ್ತದೋ ಗೊತ್ತಿಲ್ಲ. ಏಜೆಂಟ್‌ಗೆ ಅದರಲ್ಲಿ ಶೇಕಡಾ 10. ತೆರಿಗೆ ಬೇರೆ. ಅದೇ ವರ್ಷ ಸಂಘದ ಆರೋಗ್ಯ ವಿಮೆ ಸಿಗಬೇಕಾದರೆ ವರ್ಷಕ್ಕೆ 26,470 ಡಾಲರ್ ದುಡಿದಿರಬೇಕಿತ್ತು. ಲೆಕ್ಕ ಹಾಕಿ. ಡೇ ಪ್ಲೇಯರ್ ಆಗಿ 25 ದಿನ ಕೆಲಸ ಸಿಕ್ಕರೆ ವಿಮೆ. ವರ್ಷದಲ್ಲಿ ಬರೀ 25 ದಿನ! ಆದರೂ ಸದಸ್ಯರಲ್ಲಿ ಹತ್ತಕ್ಕೆ ಎಂಟು ಜನಕ್ಕಿಂತ ಹೆಚ್ಚಿನವರಿಗೆ ಆ ಗೆರೆ ಮುಟ್ಟಲು ಆಗುತ್ತಿರಲಿಲ್ಲ.

ಕೈ ಹಿಡಿಯುವ ಇನ್ನೊಂದು ಆದಾಯ 'ರೆಸಿಡ್ಯುಯಲ್'. ಮಾಡಿದ ಕಂತು ಮರುಪ್ರಸಾರ ಆದಾಗಲೆಲ್ಲ ನಟನಿಗೆ ಬರುವ ಪಾಲು. ಸಿನಿಮಾ ನಟರಿಗೆ ಇದು ಸುಲಭಕ್ಕೆ ಸಿಗಲಿಲ್ಲ. 1960ರಲ್ಲಿ ನಟರು ಕೆಲಸ ನಿಲ್ಲಿಸಿ ಕೂತು ಪಡೆದದ್ದು. ಆಗ ಸಂಘದ ಅಧ್ಯಕ್ಷರು ರೊನಾಲ್ಡ್ ರೇಗನ್. ಹೌದು, ಮುಂದೆ ದೇಶದ ಅಧ್ಯಕ್ಷರಾದವರೇ. ಈಗ ಓಟಿಟಿ ಬಂದ ಮೇಲೆ ಆ ಪಾಲು ಸೊರಗಿದೆ. ಕೆಲವೇ ಸೆಂಟ್‌ಗಳ ಚೆಕ್ ಬಂದಿದ್ದನ್ನು 2023ರ ಮುಷ್ಕರದಲ್ಲಿ ನಟರು ಎತ್ತಿ ತೋರಿಸಿದರು. ಲಾಸ್ ಏಂಜಲೀಸ್‌ನ ಸ್ಟುಡಿಯೋ ಸಿಟಿಯಲ್ಲಿ 'ರೆಸಿಡ್ಯುಯಲ್ಸ್' ಅಂತಲೇ ಒಂದು ಬಾರ್ ಇತ್ತು. ಒಂದು ಡಾಲರ್‌ಗಿಂತ ಕಡಿಮೆ ಮೊತ್ತದ ಚೆಕ್ ಕೊಟ್ಟರೆ ಒಂದು ಡ್ರಿಂಕ್. ನಟರ ಕಷ್ಟವನ್ನೂ ನಗುವನ್ನೂ ಅಷ್ಟು ಚೆನ್ನಾಗಿ ಬಲ್ಲ ಅಂಗಡಿ ಇನ್ನೊಂದಿಲ್ಲ.

ಇದೆಲ್ಲ ಒಂದೇ ಸೆಟ್‌ನಲ್ಲಿದ್ದ ಇಬ್ಬರ ಕತೆಯಲ್ಲಿ ಚೆನ್ನಾಗಿ ಕಾಣುತ್ತದೆ. 1980ರ ದಶಕದಲ್ಲಿ ಅಮೆರಿಕದ ಮನೆಮನೆಯಲ್ಲಿ ನೋಡುತ್ತಿದ್ದ ಸೀರಿಯಲ್ 'ದ ಕಾಸ್ಬಿ ಶೋ'. ಅದರಲ್ಲಿ ದೊಡ್ಡ ಅಳಿಯನ ಪಾತ್ರ ಮಾಡಿದವರು ಜೆಫ್ರಿ ಓವೆನ್ಸ್. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಅದೇ ಸೆಟ್‌ನಲ್ಲಿ ಇನ್ನೊಬ್ಬರಿದ್ದರು. ಕ್ಯಾಮೆರಾ, ಲೈಟು ಹೊಂದಿಸುವಾಗ ಸೀರಿಯಲ್‌ನ ನಾಯಕ ಬಿಲ್ ಕಾಸ್ಬಿ ಜಾಗದಲ್ಲಿ ನಿಲ್ಲುವ ಕೆಲಸ. 'ಸ್ಟ್ಯಾಂಡ್-ಇನ್' ಅನ್ನುತ್ತಾರೆ. ಅವರೇ ಸ್ಯಾಮ್ಯುಯೆಲ್ ಎಲ್ ಜಾಕ್ಸನ್.

ಜಾಕ್ಸನ್ ಬೆಳೆದದ್ದು ಟೆನೆಸ್ಸಿಯ ಚಟ್ಟನೂಗಾದಲ್ಲಿ. ಚಿಕ್ಕಂದಿನಲ್ಲಿ ತೊದಲು ಇತ್ತು. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ ಓದುವಾಗ, 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಸ್ವಯಂಸೇವಕರಾಗಿದ್ದರು. ಮರುವರ್ಷ ಕಾಲೇಜಿನ ಆಡಳಿತ ಮಂಡಳಿಯವರನ್ನು ಕೂಡಿಹಾಕಿದ ವಿದ್ಯಾರ್ಥಿಗಳಲ್ಲಿ ಇವರೂ ಒಬ್ಬರು. ಕಾಲೇಜು ಹೊರಹಾಕಿತು. ಮತ್ತೆ ಬಂದು ಪದವಿ ಮುಗಿಸಿದರು. ಆಮೇಲೆ ನ್ಯೂಯಾರ್ಕ್‌ನಲ್ಲಿ ನೀಗ್ರೋ ಆನ್ಸಾಂಬಲ್ ಕಂಪನಿಯ ನಾಟಕಗಳು. ನಡುವೆ ಮಾದಕ ವಸ್ತುವಿನ ಚಟ. ಅದರಿಂದ ಹೊರಬಂದ ತಕ್ಷಣ ಸ್ಪೈಕ್ ಲೀ ಅವರ 'ಜಂಗಲ್ ಫೀವರ್'ನಲ್ಲಿ ಮಾಡಿದ್ದು ಚಟಕ್ಕೆ ಬಿದ್ದ ಅಣ್ಣನ ಪಾತ್ರ. 1991ರಲ್ಲಿ ಕಾನ್ ಚಿತ್ರೋತ್ಸವ ಆ ಪಾತ್ರಕ್ಕಾಗಿಯೇ ಪೋಷಕ ನಟ ಅಂತ ವಿಶೇಷ ಪ್ರಶಸ್ತಿ ಕೊಟ್ಟಿತು. 'ಪಲ್ಪ್ ಫಿಕ್ಷನ್' ಬಂದಾಗ, 1994ರಲ್ಲಿ, ಅವರಿಗೆ 45.

ಇತ್ತ ಓವೆನ್ಸ್ ನಾಟಕ ಮಾಡಿದರು, ಪಾಠ ಹೇಳಿದರು, ಗೆಸ್ಟ್ ಪಾತ್ರಗಳನ್ನು ಮಾಡಿದರು. ಕಾಸ್ಬಿ ಮೇಲೆ ಅತ್ಯಾಚಾರದ ಆರೋಪಗಳು ಬಂದ ಮೇಲೆ ಚಾನೆಲ್‌ಗಳು ಆ ಸೀರಿಯಲ್‌ನ ಮರುಪ್ರಸಾರ ನಿಲ್ಲಿಸಿದವು. ಓವೆನ್ಸ್‌ಗೆ ಬರುತ್ತಿದ್ದ ರೆಸಿಡ್ಯುಯಲ್ ಕೂಡ ನಿಂತಿತು. ಮಾಡದ ತಪ್ಪಿಗೆ ದಂಡ. 2018ರಲ್ಲಿ ಅವರು ನ್ಯೂಜೆರ್ಸಿಯ ದಿನಸಿ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಿದ್ದ ಫೋಟೊ ಹೊರಬಂತು. ನೋಡಿ ಎಂಥ ಗತಿ ಬಂತು ಅನ್ನುವ ಧಾಟಿಯಲ್ಲಿ ಸುದ್ದಿ ಮಾಡಿದರು. ಆಗ ನಟರೆಲ್ಲ ತಿರುಗಿಬಿದ್ದರು. ನಾವೂ ಇಂಥ ಕೆಲಸ ಮಾಡಿದ್ದೇವೆ, ಮಾಡುತ್ತಿದ್ದೇವೆ ಅಂತ ಒಬ್ಬೊಬ್ಬರೇ ಬರೆದುಕೊಂಡರು. ಓವೆನ್ಸ್ ಕೂಡ ಕೆಲಸ ಯಾವುದಾದರೂ ಕೆಲಸವೇ ಅಂತ ತಣ್ಣಗೆ ಹೇಳಿದರು. ದಿನಸಿ ಚೀಲ ಹಿಡಿದ ಹುಡುಗ ದಿನಸಿ ಹುಡುಗನಂತೆ ಕಾಣಬೇಕಲ್ವಾ ಎಂದ ಫೋರ್ಡ್ ನನಗೆ ಆಗ ನೆನಪಾದರು.

ನಟನೆಗೆ ಬರುವ ಮೊದಲೇ ಬೇರೆ ವೃತ್ತಿಯಲ್ಲಿ ಪಳಗಿದವರೂ ಇದ್ದಾರೆ. ಡೆನಿಸ್ ಫರೀನಾ 18 ವರ್ಷ ಶಿಕಾಗೋ ಪೊಲೀಸ್. ನಿರ್ದೇಶಕ ಮೈಕೆಲ್ ಮನ್ ಅವರಿಗೆ ಪೊಲೀಸ್ ವಿಷಯದಲ್ಲಿ ಸಲಹೆ ಕೊಡಲು ಹೋಗಿ 1981ರಲ್ಲಿ ಸಣ್ಣ ಪಾತ್ರ ಮಾಡಿದರು. ಮಾಡಿದ ಮೇಲೂ ಕೆಲ ವರ್ಷ ಪೊಲೀಸ್ ಕೆಲಸ ಬಿಡಲಿಲ್ಲ, ಜಾಣರು. ಕೆನ್ ಜಾಂಗ್ ಎಂಬಿಬಿಎಸ್ ಥರದ ಓದು ಮುಗಿಸಿದ ಅಸಲಿ ಡಾಕ್ಟರ್. ಹಗಲು ರೋಗಿಗಳು, ರಾತ್ರಿ ಸ್ಟ್ಯಾಂಡ್-ಅಪ್ ಹಾಸ್ಯ. 2007ರಲ್ಲಿ ಅವರಿಗೆ ಸಿಕ್ಕ ಪಾತ್ರವೂ ಡಾಕ್ಟರ್‌ದೇ. ಆಕ್ಟೇವಿಯಾ ಸ್ಪೆನ್ಸರ್ ಸಿನಿಮಾಗಳಲ್ಲಿ ತೆರೆಯ ಹಿಂದೆ ಕೆಲಸ ಮಾಡುತ್ತಿದ್ದವರು. 1996ರ ಒಂದು ಸಿನಿಮಾದಲ್ಲಿ ನಿರ್ದೇಶಕರನ್ನು ತಾವೇ ಕೇಳಿ ನರ್ಸ್ ಪಾತ್ರ ಪಡೆದರು. ಆಸ್ಕರ್ ಬಂದದ್ದು 2012ರಲ್ಲಿ.

ಆದರೆ ಕ್ಯಾಥರಿನ್ ಜೂಸ್ಟನ್ ಮುಂದೆ ಇವರೆಲ್ಲ ಏನೂ ಅಲ್ಲ. ಶಿಕಾಗೋದಲ್ಲಿ ಮಾನಸಿಕ ರೋಗಿಗಳ ವಾರ್ಡಿನ ನರ್ಸ್. ಮದುವೆ ಮುರಿದಿತ್ತು, ಸಾಕಬೇಕಾದ ಇಬ್ಬರು ಮಕ್ಕಳಿದ್ದರು. 42ನೇ ವಯಸ್ಸಿಗೆ ಊರಿನ ಹವ್ಯಾಸಿ ನಾಟಕದಲ್ಲಿ ಬಣ್ಣ ಹಚ್ಚಿದರು. ಆಮೇಲೆ ಫ್ಲಾರಿಡಾದ ಡಿಸ್ನಿ ಪಾರ್ಕಿನ ಬೀದಿಗಳಲ್ಲಿ ಜನರನ್ನು ನಗಿಸುವ ಕೆಲಸ. 1995ರಲ್ಲಿ, 55 ದಾಟಿದ ಮೇಲೆ, ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿದರು. ನಾಲ್ಕು ವರ್ಷದಲ್ಲಿ 'ದ ವೆಸ್ಟ್ ವಿಂಗ್'ನಲ್ಲಿ ಅಮೆರಿಕದ ಅಧ್ಯಕ್ಷರನ್ನೇ ಗದರುವ ಕಾರ್ಯದರ್ಶಿ. ಮುಂದೆ 'ಡೆಸ್ಪರೇಟ್ ಹೌಸ್‌ವೈವ್ಸ್'ನ ಪಕ್ಕದ ಮನೆ ಅಜ್ಜಿಯಾಗಿ ಎರಡು ಎಮ್ಮಿ. 2012ರಲ್ಲಿ ತೀರಿಕೊಂಡರು. ನೀವು ಕೇಳಿದ ಪಕ್ಕದ ಮನೆಯವರ ಪೈಕಿ ಇವರು ನನ್ನ ಮೆಚ್ಚಿನವರು.

ಕಾಲೇಜು ಬೇಕೇ ಬೇಕು ಅಂತೇನಿಲ್ಲ. ಓದಿದವರಿಗೆ ಅನುಕೂಲ ಇದೆ. ನ್ಯೂಯಾರ್ಕ್‌ನ ಜೂಲಿಯಾರ್ಡ್‌ನಲ್ಲಿ ನಾಟಕ ವಿಭಾಗ ಶುರುವಾದದ್ದು 1968ರಲ್ಲಿ. ವರ್ಷಕ್ಕೆ ತೆಗೆದುಕೊಳ್ಳುವುದೇ ಇಪ್ಪತ್ತರ ಆಸುಪಾಸು ಜನ. ಸೈನ್ಯದ ಮರೀನ್ ಪಡೆಯಿಂದ ಗಾಯವಾಗಿ ಹೊರಬಂದ ಆಡಮ್ ಡ್ರೈವರ್ ಅಲ್ಲಿ ಓದಿದರು. ಯೇಲ್‌ನಲ್ಲಿ ಮೆರಿಲ್ ಸ್ಟ್ರೀಪ್ ಓದಿದರು. 2021ರಲ್ಲಿ ಸಿನಿಮಾ ಉದ್ಯಮಿ ಡೇವಿಡ್ ಗೆಫನ್ 15 ಕೋಟಿ ಡಾಲರ್ ಕೊಟ್ಟ ಮೇಲೆ ಯೇಲ್ ನಾಟಕ ಶಾಲೆಯಲ್ಲಿ ಬೋಧನಾ ಶುಲ್ಕವೇ ಇಲ್ಲ. ಇನ್ನು ಶಿಕಾಗೋದ ಸ್ಟೆಪನ್‌ವುಲ್ಫ್ ತಂಡದವರು ಚರ್ಚಿನ ನೆಲಮಾಳಿಗೆಯಲ್ಲಿ ನಾಟಕ ಆಡಿ ಬೆಳೆದವರು. ಜಾನ್ ಮಾಲ್ಕೊವಿಚ್, ಗ್ಯಾರಿ ಸಿನೀಸ್, ಲಾರೀ ಮೆಟ್‌ಕಾಫ್ ಎಲ್ಲ ಆ ಗುಂಪೇ.

ಶಾಲೆ ಮುಗಿಸಿದರೂ ಮೆಟ್ಟಿಲು ತಪ್ಪಿದ್ದಲ್ಲ. ವಯೋಲಾ ಡೇವಿಸ್ ರೋಡ್ ಐಲೆಂಡ್‌ನ ಕಡುಬಡತನದಿಂದ ಬಂದವರು. ಜೂಲಿಯಾರ್ಡ್ ಮುಗಿಸಿದ್ದು 1993ರಲ್ಲಿ. ಆಮೇಲೆ ಹದಿನೈದು ವರ್ಷ ನರ್ಸ್, ಪೊಲೀಸ್, ವಕೀಲೆ. 2008ರಲ್ಲಿ 'ಡೌಟ್' ಸಿನಿಮಾದಲ್ಲಿ ಸ್ಟ್ರೀಪ್ ಎದುರು ಬರೀ ಎಂಟು ನಿಮಿಷದ ಪಾತ್ರ. ಅದಕ್ಕೇ ಆಸ್ಕರ್‌ಗೆ ಹೆಸರು ಹೋಯಿತು. ಆ ಎಂಟು ನಿಮಿಷ ಒಮ್ಮೆ ನೋಡಿ, ಅಷ್ಟೇ ಹೇಳುತ್ತೇನೆ.

ಮನೆತನದ ಬಲ ಇದ್ದವರು ಇಲ್ಲವೇ ಅಂತ ಕೇಳಬಹುದು. ಧಾರಾಳವಾಗಿ ಇದ್ದಾರೆ. ನಿಕೋಲಸ್ ಕೇಜ್ ಕೊಪ್ಪೊಲಾ ಅವರ ಅಣ್ಣನ ಮಗ. ಅದಕ್ಕೇ ಹೆಸರು ಬದಲಿಸಿಕೊಂಡರು. ಹೆಸರಿನ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಸಂಘದಲ್ಲಿ ಒಂದೇ ಹೆಸರಿನ ಇಬ್ಬರು ಇರುವಂತಿಲ್ಲ. ಮೈಕೆಲ್ ಕೀಟನ್ ಅವರ ಹುಟ್ಟು ಹೆಸರು ಮೈಕೆಲ್ ಡಗ್ಲಸ್. ಎಮ್ಮಾ ಸ್ಟೋನ್ ನಿಜಕ್ಕೂ ಎಮಿಲಿ. ಫೋರ್ಡ್ ಕೂಡ ಶುರುವಿನಲ್ಲಿ ನಡುವೆ ಒಂದು 'ಜೆ' ಸೇರಿಸಿಕೊಂಡಿದ್ದರು. ಮೂಕಿ ಕಾಲದಲ್ಲಿ ಇನ್ನೊಬ್ಬ ಹ್ಯಾರಿಸನ್ ಫೋರ್ಡ್ ಇದ್ದರು.

ಹಾಗಾದರೆ ದಾರಿಯಲ್ಲಿ ಹೋಗುವವರನ್ನು ಕರೆದು ಸ್ಟಾರ್ ಮಾಡಿದ್ದು ಇಲ್ಲವೇ ಇಲ್ಲವೇ? ಇದೆ. ಲಾನಾ ಟರ್ನರ್ ಹೈಸ್ಕೂಲ್ ಹುಡುಗಿಯಾಗಿದ್ದಾಗ ಕ್ಲಾಸು ತಪ್ಪಿಸಿ ತಂಪು ಪಾನೀಯ ಕುಡಿಯುತ್ತಾ ಕೂತಿದ್ದಳು. ಪತ್ರಿಕೆಯ ಮಾಲೀಕರೊಬ್ಬರ ಕಣ್ಣಿಗೆ ಬಿದ್ದಳು. ಆ ಅಂಗಡಿ ಶ್ವಾಬ್ಸ್ ಅಂತ ಪ್ರಸಿದ್ಧಿ. ನಿಜಕ್ಕೂ ಅದು ಟಾಪ್ ಹ್ಯಾಟ್ ಎಂಬ ಬೇರೆ ಅಂಗಡಿ. ಆಗಿನದು ಸ್ಟುಡಿಯೋ ಕಾಲ. ಏಳು ವರ್ಷದ ಒಪ್ಪಂದ ಬರೆಸಿಕೊಂಡು ನಡೆ, ನುಡಿ, ಕೂದಲು ಎಲ್ಲ ಅವರೇ ತಿದ್ದುತ್ತಿದ್ದರು.

ಇಂಥ ಇನ್ನೊಂದು ಕತೆ ನಮ್ಮ ಮೈಸೂರು ಸೀಮೆಯದು. ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು. ಅಪ್ಪ ಮಹಾರಾಜರ ಆನೆಗಳ ಮಾವುತ. ಅಪ್ಪ ತೀರಿಕೊಂಡ ಮೇಲೆ ಹುಡುಗ ಆನೆ ಲಾಯದಲ್ಲೇ ಬೆಳೆದ. ರಾಬರ್ಟ್ ಫ್ಲಾಹರ್ಟಿ ಸಿನಿಮಾ ಮಾಡಲು ಮೈಸೂರಿಗೆ ಬಂದಾಗ ಆ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ಬಂತು, ಹುಡುಗ ಜಗತ್ತಿಗೇ ಗೊತ್ತಾದ. ಲಂಡನ್, ಅಲ್ಲಿಂದ ಹಾಲಿವುಡ್. 1944ರಲ್ಲಿ ಅಮೆರಿಕದ ಪ್ರಜೆಯಾದರು. ಯುದ್ಧದಲ್ಲಿ ಬಾಂಬರ್ ವಿಮಾನದ ಬಂದೂಕುಗಾರರಾಗಿ ಹೋರಾಡಿ ಪದಕ ಪಡೆದರು.

ಅದೃಷ್ಟ ಅಂದರೆ ಅದು. ಆದರೆ ತಿರುಗಿ ಬಂದ ಮೇಲೆ ಕೆಲಸ ಕ್ರಮೇಣ ಬತ್ತಿತು. 1950ರ ದಶಕದ ಶುರುವಿನಲ್ಲಿ ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟರು. ಇಂಗ್ಲಿಷ್ ಬರುತ್ತಿತ್ತು. ಕ್ಯಾಮೆರಾ ಅವರನ್ನು ಪ್ರೀತಿಸುತ್ತಿತ್ತು. ದೇಶಕ್ಕಾಗಿ ಯುದ್ಧಕ್ಕೂ ಹೋಗಿ ಬಂದಿದ್ದರು. ಆದರೂ ಡಾಕ್ಟರ್, ಜಡ್ಜ್, ಪಕ್ಕದ ಮನೆ ಅಂಕಲ್ ಆಗಿ ಅವರನ್ನು ಕಲ್ಪಿಸಿಕೊಳ್ಳಲು ಅಂದಿನ ಹಾಲಿವುಡ್‌ಗೆ ಬರಲಿಲ್ಲ. ಬಂದದ್ದು ಮುಂಡಾಸಿನ ಪಾತ್ರಗಳು, ಕಾಡಿನ ಪಾತ್ರಗಳು. 1963ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 39. ಕೊನೆಯ ಸಿನಿಮಾ ಮರುವರ್ಷ ಬಿಡುಗಡೆಯಾಯಿತು. ಅದರಲ್ಲಿ ಅವರದು ಹುಲಿ ಪಳಗಿಸುವವನ ಪಾತ್ರ.